ಬೇಸಾಯದ ಜೋಖಿಮು: ಮನೋವೇಗವೂ ವಿವೇಚನೆಯೂ

ಬಸವಕಲ್ಯಾಣ, ಹುಮನಾಬಾದ ತಾಲ್ಲೂಕುಗಳ ಒಕ್ಕಲುತನವು ಬಹುಮಟ್ಟಿಗೆ ಮಳೆಯನ್ನೇ ನಂಬಿಕೊಂಡಿರುವುದು. ಮುಂಗಾರಿನಲ್ಲಿ ಸೋಯಾ, ತೊಗರಿ, ಉದ್ದು, ಹೆಸರು. ಹಿಂಗಾರಿನಲ್ಲಿ ಕಡಲೆ, ಜೋಳ. ನೀರಿನ ಅನುಕೂಲವಿರುವ ಕಡೆ ಕಬ್ಬು. ಇವೇ ಇಲ್ಲಿಯ ಮುಖ್ಯ ಪೈರುಗಳು. ಮಳೆಯು ಯಾವ ದಿನ ಬೀಳುವುದು, ಯಾವ ದಿನ ನಿಲ್ಲುವುದು, ರಾಶಿಯಾಗುವ ಹೊತ್ತಿಗೆ ಪೇಟೆಯಲ್ಲಿ ಧಾರಣೆ ಎಷ್ಟಿರುವುದು ಎಂಬುದನ್ನು ಬಿತ್ತುವ ದಿನವೇ ಬಲ್ಲವರು ಯಾರೂ ಇಲ್ಲ. ಆದರೂ ಬೀಜವನ್ನು ನೆಲಕ್ಕೆ ಹಾಕಲೇಬೇಕು. ಗೊಬ್ಬರಕ್ಕೆ ಹಣವನ್ನು ತೆರಲೇಬೇಕು. ಆದಕಾರಣ ಒಕ್ಕಲಿಗನು ವರ್ಷಕ್ಕೆ ನಾಲ್ಕಾರು ಸಲವಾದರೂ ಫಲವು ಗೊತ್ತಿಲ್ಲದ ನಿರ್ಧಾರಗಳನ್ನು ಮಾಡಬೇಕಾಗುವುದು. ಇದನ್ನೇ ನಮ್ಮ ಭಾಗದವರು ಜೋಖಿಮು ಎನ್ನುವರು.

ಈ ಪತ್ರಿಕೆಯಲ್ಲಿ ಬೀಜ, ಗೊಬ್ಬರ, ಕೀಟ, ರೋಗಗಳ ವಿಷಯವಾಗಿ ಎಷ್ಟೋ ಲೇಖನಗಳು ಬರುತ್ತಿರುವುವು. ಆದರೆ ಒಳ್ಳೆಯ ಬೀಜವನ್ನು ಆರಿಸುವವನ ಮನಸ್ಸು ಯಾವ ಬಗೆಯಾಗಿ ಕೆಲಸಮಾಡುವುದೆಂಬುದನ್ನು ಕುರಿತು ಬರೆದವರು ಕಡಿಮೆ. ಬೀಜದ ದೋಷದಿಂದ ಕೆಟ್ಟ ಹೊಲಗಳಷ್ಟೇ ನಿರ್ಧಾರದ ದೋಷದಿಂದ ಕೆಟ್ಟ ಮನೆಗಳನ್ನೂ ಈ ಲೇಖಕನು ತನ್ನ ಸುತ್ತಾಟದಲ್ಲಿ ಕಂಡಿರುವನು. ಆದುದರಿಂದ ಈ ವಿಷಯವನ್ನು ಗ್ರಾಮದ ಮುಖಂಡರ ಮತ್ತು ಜಮೀನುದಾರರ ಮುಂದೆ ಸ್ವಲ್ಪ ವಿವರವಾಗಿ ಇಡಲು ಇಲ್ಲಿ ಪ್ರಯತ್ನಿಸಲಾಗಿದೆ.

೧. ಮನಸ್ಸಿನ ಎರಡು ನಡೆಗಳು

ಮನುಷ್ಯನು ನಿರ್ಧಾರ ಮಾಡುವುದು ಎರಡು ಬಗೆಯಾಗಿ. ಒಂದು, ಆಶೆ, ಅಂಜಿಕೆ, ನಾಚಿಕೆ, ಹಟ ಮೊದಲಾದ ಮನೋವೇಗಗಳು ಕೂಡಲೇ ಹೇಳುವ ಮಾತನ್ನು ಕೇಳಿ ನಡೆಯುವುದು. ಇದು ಶೀಘ್ರವಾದುದು, ಶ್ರಮವಿಲ್ಲದುದು. ಹೊಲದ ಬದುವಿನಲ್ಲಿ ಹಾವು ಕಂಡಾಗ ಕಾಲು ತಾನಾಗಿ ಹಿಂದೆ ಸರಿಯುವುದು ಈ ನಡೆಯಿಂದಲೇ. ಇನ್ನೊಂದು, ಲಾಭನಷ್ಟಗಳನ್ನು ತೂಗಿ, ಹಿಂದಿನ ವರ್ಷಗಳನ್ನು ನೆನೆದು, ಇತರರನ್ನು ಕೇಳಿ, ಲೆಕ್ಕ ಹಾಕಿ ನಿಶ್ಚಯಿಸುವುದು. ಇದು ನಿಧಾನವಾದುದು, ಆಯಾಸವನ್ನು ಕೊಡುವಂಥದು. ಆದುದರಿಂದಲೇ ಮನಸ್ಸು ಇದನ್ನು ತಪ್ಪಿಸಿಕೊಳ್ಳಲು ನೋಡುವುದು.

ಈ ಎರಡು ನಡೆಗಳನ್ನು ಕುರಿತು ವಿದ್ವಾಂಸರು ಬಹಳ ಪರಿಶೋಧನೆ ನಡೆಸಿರುವರು. ಡೇನಿಯಲ್ ಕಾಹ್ನೆಮನ್ ಮತ್ತು ಏಮಾಸ್ ಟ್ವೆರ್ಸ್ಕಿ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು 1979ರಲ್ಲಿ ಪ್ರಕಟಿಸಿದ ಪ್ರಬಂಧವು ಇವುಗಳಲ್ಲಿ ಮುಖ್ಯವಾದುದು. ಕಾಹ್ನೆಮನ್ನರಿಗೆ 2002ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಾರಿತೋಷಕವು ದೊರೆಯಿತು. ಅವರ ಸಿದ್ಧಾಂತದ ಸಾರವು ಮೂರು ಮಾತುಗಳಲ್ಲಿ ಅಡಕವಾಗಿದೆ. ಮೊದಲನೆಯದು, ನೂರು ರೂಪಾಯಿ ಬಂದಾಗ ಆಗುವ ಸಂತೋಷಕ್ಕಿಂತ ನೂರು ರೂಪಾಯಿ ಹೋದಾಗ ಆಗುವ ದುಃಖವು ಸುಮಾರು ಎರಡರಷ್ಟು. ಎರಡನೆಯದು, ಲಾಭದಲ್ಲಿರುವ ಮನುಷ್ಯನು ಸಾಮಾನ್ಯವಾಗಿ ಜೋಖಿಮಿಗೆ ಅಂಜುವನು. ಆದರೆ ನಷ್ಟದಲ್ಲಿ ಸಿಕ್ಕಿಬಿದ್ದವನು ಆ ನಷ್ಟವನ್ನು ತುಂಬಿಕೊಳ್ಳುವ ಆಶೆಯಿಂದ ಇನ್ನೂ ದೊಡ್ಡ ಜೋಖಿಮಿಗೆ ಕೈಹಾಕುವನು. ಮೂರನೆಯದು, ಬಹಳ ಅಪರೂಪವಾಗಿ ಆಗತಕ್ಕ ಸಂಗತಿಯನ್ನು ಮನಸ್ಸು ಅದರ ನಿಜವಾದ ಪ್ರಮಾಣಕ್ಕಿಂತ ದೊಡ್ಡದಾಗಿ ಎಣಿಸುವುದು. ಈ ಮೂರು ಮಾತುಗಳೂ ನಮ್ಮ ಹೊಲಗಳಲ್ಲಿ ಹೇಗೆ ನಿಜವಾಗುವುವೆಂಬುದನ್ನು ಮುಂದೆ ನೋಡೋಣ.

೨. ತೊಗರಿಯ ಧಾರಣೆ ಕಲಿಸಿದ ಪಾಠ

2015ನೆಯ ವರ್ಷದ ಕೊನೆಯಲ್ಲಿ ತೊಗರಿ ಬೇಳೆಯ ಬೆಲೆಯು ದೇಶದ ಕೆಲವು ನಗರಗಳಲ್ಲಿ ಕಿಲೋಗ್ರಾಮಿಗೆ 200 ರೂಪಾಯಿಯನ್ನು ಮುಟ್ಟಿದುದು ವಾಚಕರ ನೆನಪಿನಲ್ಲಿರಬಹುದು. ಆ ಧಾರಣೆಯನ್ನು ಕಂಡ ಒಕ್ಕಲಿಗರು ಮರುವರ್ಷ ಮುಂಗಾರಿನಲ್ಲಿ ಬೇರೆ ಪೈರುಗಳನ್ನು ಬಿಟ್ಟು ತೊಗರಿಯನ್ನು ಬಿತ್ತಿದರು. ಮಳೆಯೂ ಅನುಕೂಲಿಸಿತು. 2015-16ರಲ್ಲಿ ದೇಶದಲ್ಲಿ ಸುಮಾರು 25 ಲಕ್ಷ ಟನ್ನುಗಳಷ್ಟು ಆಗಿದ್ದ ತೊಗರಿಯು 2016-17ರಲ್ಲಿ ಸುಮಾರು 48 ಲಕ್ಷ ಟನ್ನುಗಳಿಗೆ ಏರಿತು. ಫಲವೇನಾಯಿತು? ಆ ವರ್ಷ ಸರಕಾರವು ಗೊತ್ತುಮಾಡಿದ್ದ ಬೆಂಬಲ ಬೆಲೆ ಕ್ವಿಂಟಾಲಿಗೆ 5,050 ರೂಪಾಯಿ; ಪೇಟೆಯ ಧಾರಣೆಯು ಅದಕ್ಕಿಂತಲೂ ಕೆಳಗಿಳಿಯಿತು. ಖರೀದಿ ಕೇಂದ್ರಗಳ ಮುಂದೆ ಚೀಲಗಳನ್ನು ಹೇರಿಕೊಂಡು ಜನರು ಕಾದು ನಿಲ್ಲಬೇಕಾಯಿತು.

ಇಲ್ಲಿ ಒಕ್ಕಲಿಗರು ದಡ್ಡರಾಗಿ ನಡೆದರೆಂದು ಹೇಳುವುದು ಸರಿಯಲ್ಲ. ಒಬ್ಬೊಬ್ಬನೂ ತನ್ನ ಕಣ್ಣ ಮುಂದಿನ ಧಾರಣೆಯನ್ನು ನೋಡಿಯೇ ಬಿತ್ತಿದನು. ಆದರೆ ಅದೇ ಧಾರಣೆಯನ್ನು ಕಲಬುರಗಿಯವನೂ, ಲಾತೂರಿನವನೂ, ಜಹೀರಾಬಾದಿನವನೂ ಅದೇ ದಿನ ನೋಡಿದ್ದನೆಂಬುದನ್ನು ಮನೋವೇಗವು ತಿಳಿಸಲಿಲ್ಲ. ತೀರ ಹತ್ತಿರದ ಅನುಭವವು ಮನಸ್ಸಿನಲ್ಲಿ ಬಹಳ ದೊಡ್ಡದಾಗಿ ಕಾಣುವುದು. ಐದು ವರ್ಷಗಳ ಹಿಂದಿನದು ಮಸುಕಾಗುವುದು. ವಿವೇಚನೆಯಾದರೋ, "ಈ ಬೆಲೆಯನ್ನು ಕಂಡವರು ಇನ್ನೆಷ್ಟು ಜನ? ಅವರೆಲ್ಲರೂ ಇದನ್ನೇ ಬಿತ್ತಿದರೆ ರಾಶಿಯ ದಿನ ಕೊಳ್ಳುವವರು ಯಾರು?" ಎಂದು ಕೇಳುವುದು. ಈ ಒಂದು ಪ್ರಶ್ನೆಯನ್ನು ಯುಗಾದಿಯ ಹೊತ್ತಿಗೆ ಊರ ಕಟ್ಟೆಯ ಮೇಲೆ ಕೇಳಿಕೊಂಡಿದ್ದರೆ ಎಷ್ಟೋ ಮನೆಗಳಲ್ಲಿ ತೊಗರಿಯ ಜೊತೆಗೆ ಒಂದೆರಡು ಎಕರೆ ಉದ್ದು ಹೆಸರೂ ಉಳಿಯುತ್ತಿದ್ದವು.

೩. ಮೊದಲ ಮಳೆಯ ಆತುರ

ರೋಹಿಣಿ ಮಳೆಯು ಒಂದು ದಿನ ಚೆನ್ನಾಗಿ ಹೊಡೆದರೆ ಸಾಕು, ಊರಿನಲ್ಲಿ ಒಬ್ಬರ ಕೂರಿಗೆ ಹೊರಡುವುದು. ಅದನ್ನು ಕಂಡು ಇನ್ನೊಬ್ಬರದು. ಮೂರನೆಯ ದಿನಕ್ಕೆ ಬಿತ್ತದೆ ಉಳಿದವನಿಗೆ ರಾತ್ರಿ ನಿದ್ದೆ ಬಾರದು. ಇಲ್ಲಿ ಕೆಲಸಮಾಡುವುದು ಮಳೆಯ ಲೆಕ್ಕವಲ್ಲ. ತಾನೊಬ್ಬನೇ ಹಿಂದೆ ಬಿದ್ದೆನೆಂಬ ಅಂಜಿಕೆ ಮತ್ತು ನಾಚಿಕೆ.

ಸೋಯಾ ಬಿತ್ತನೆಗೆ ಒಟ್ಟು ಮೂರು ಅಂಗುಲದಷ್ಟು, ಎಂದರೆ ಸುಮಾರು 75 ಮಿಲಿಮೀಟರಿನಷ್ಟಾದರೂ ಮಳೆಯಾಗಿ ನೆಲವು ಆಳದವರೆಗೆ ನೆನೆದಿರಬೇಕು. ಕರೀ ನೆಲದಲ್ಲಿ ಮೇಲಿನ ಎರಡು ಬೆರಳಷ್ಟು ಮಣ್ಣು ಮಾತ್ರ ನೆನೆದು ಕೆಳಗೆ ಒಣಗಿದ್ದರೆ, ಬೀಜವು ನೀರು ಹೀರಿ ಉಬ್ಬಿ ಮೊಳಕೆಯೊಡೆದ ಮೇಲೆ ತೇವವಿಲ್ಲದೆ ಸಾಯುವುದು. ಸೋಯಾ ಬೀಜದ ಸಿಪ್ಪೆಯು ತೆಳುವಾದುದರಿಂದ ಈ ಹಾನಿಯು ಅದಕ್ಕೆ ಹೆಚ್ಚು.

ಈ ವಿಷಯದಲ್ಲಿ ಲೇಖಕನು ತನ್ನದೇ ಒಂದು ತಪ್ಪನ್ನು ಮರೆಮಾಡದೆ ಹೇಳತಕ್ಕದ್ದಾಗಿದೆ. ಕೆಲಸಕ್ಕೆ ಸೇರಿದ ಮೊದಲ ವರ್ಷಗಳಲ್ಲಿ ಒಂದು ಗ್ರಾಮಕ್ಕೆ ಹೋಗಿದ್ದಾಗ, ಹಿಂದಿನ ರಾತ್ರಿ ಒಂದು ಹದ ಮಳೆಯಾಗಿತ್ತು. ಆಕಾಶದಲ್ಲಿ ಮೋಡ ಕವಿದಿತ್ತು. ಗುಡಿಯ ಮುಂದೆ ನೆರೆದಿದ್ದ ಮೂವತ್ತು ನಲವತ್ತು ಜನರು, "ಸಾಹೇಬರೇ, ಬಿತ್ತೋಣವೇ?" ಎಂದು ಕೇಳಿದರು. ಹೊಲಕ್ಕೆ ಹೋಗಿ ಮಣ್ಣನ್ನು ಅಗೆದು ನೋಡಿ ಹೇಳುವೆನೆನ್ನಲು ನಾಲಗೆ ಏಳಲಿಲ್ಲ; ಅಷ್ಟು ಜನರ ಮುಂದೆ ಅನುಮಾನಿಸಿದರೆ ಕಲಿತವನೆಂಬ ಮರ್ಯಾದೆಗೆ ಕುಂದಾಗುವುದೆಂದು ತೋರಿತು. "ಬಿತ್ತಿರಿ, ಅಡ್ಡಿಯಿಲ್ಲ" ಎಂದು ಹೇಳಿಬಿಟ್ಟನು. ಆಮೇಲೆ ಇಪ್ಪತ್ತು ದಿನ ಹನಿ ಬೀಳಲಿಲ್ಲ. ಅನುಕೂಲವಿದ್ದವರು ಎರಡನೆಯ ಸಲ ಬೀಜ ತಂದು ಬಿತ್ತಿದರು. ಪಾಲಿಗೆ ಮೂರು ಎಕರೆ ಮಾಡುತ್ತಿದ್ದ ಒಬ್ಬ ವಿಧವೆಯು ಮೊದಲನೆಯ ಬೀಜವನ್ನೇ ಸಾಲವಾಗಿ ತಂದಿದ್ದಳು. ಎರಡನೆಯದನ್ನು ಕೊಡುವವರು ಯಾರೂ ಇರಲಿಲ್ಲ. ಆ ವರ್ಷ ಆ ಮೂರು ಎಕರೆ ಬೀಳು ಬಿತ್ತು. ಮರುವರ್ಷ ಅವಳು ಆ ಊರಿನಲ್ಲಿ ಇರಲಿಲ್ಲ. ಮಳೆಯು ಬಾರದೆ ಹೋದುದು ಲೇಖಕನ ತಪ್ಪಲ್ಲ. ಆದರೆ ಮಣ್ಣನ್ನು ನೋಡದೆ ಮಾತು ಕೊಟ್ಟುದು ಅವನದೇ. ಅಂದಿನಿಂದ ಅಗೆದು ನೋಡದೆ ಬಿತ್ತನೆಯ ಮಾತನ್ನು ಎಲ್ಲಿಯೂ ಹೇಳಿದ್ದಿಲ್ಲ.

೪. ಕೊಳವೆ ಬಾವಿಯೂ ಕಳೆದ ಹಣವೂ

ನಮ್ಮ ತಾಲ್ಲೂಕುಗಳಲ್ಲಿ ಕೆಲವೆಡೆ ಮೇಲೆ ಜಂಬಿಟ್ಟಿಗೆಯ ಕೆಂಪು ನೆಲವೂ, ಅದರ ಕೆಳಗೆ ಮತ್ತು ಉಳಿದ ಕಡೆಗಳಲ್ಲಿ ದಖನ್ನಿನ ಕರೀ ಕಲ್ಲಿನ ಪದರಗಳೂ ಇವೆ. ಈ ಕಲ್ಲಿನಲ್ಲಿ ನೀರು ಕೆರೆಯಂತೆ ತುಂಬಿ ನಿಂತಿರುವುದಿಲ್ಲ. ಬಿರುಕುಗಳಲ್ಲಿಯೂ, ಶಿಥಿಲವಾದ ಪದರಗಳಲ್ಲಿಯೂ ಮಾತ್ರ ನಿಲ್ಲುವುದು. ಒಬ್ಬನ ಹೊಲದಲ್ಲಿ ನೀರು ಬಂದು ಬದುವಿನಾಚೆ ಬಾರದಿರುವುದು ಇದರಿಂದಲೇ. ಆದುದರಿಂದ ಕೊಳವೆ ಬಾವಿಯು ನಮ್ಮಲ್ಲಿ ದೊಡ್ಡ ಜೋಖಿಮುಗಳಲ್ಲಿ ಒಂದು.

ಒಂದು ಬಾವಿಗೆ ಒಂದು ಲಕ್ಷ ರೂಪಾಯಿ ಖರ್ಚೆಂದೂ, ಐದು ಬಾವಿಗಳಲ್ಲಿ ಎರಡಕ್ಕೆ ನೀರು ಬರುವುದೆಂದೂ ಲೆಕ್ಕಕ್ಕಾಗಿ ಇಟ್ಟುಕೊಳ್ಳೋಣ. ಮೊದಲನೆಯದು ಬತ್ತಿತು. ಯಜಮಾನನು ಏನೆನ್ನುವನು? "ಒಂದು ಲಕ್ಷ ಹೋಯಿತು, ಈಗ ಬಿಟ್ಟರೆ ಅದು ಮಣ್ಣುಪಾಲು. ಇನ್ನೊಂದು ಹಾಕಿದರೆ ಎರಡರದೂ ಬರುವುದು." ಇದು ಮನೋವೇಗದ ಮಾತು. ಹೋದ ಲಕ್ಷವು, ಎರಡನೆಯ ಬಾವಿ ತೋಡಿದರೂ ತೋಡದಿದ್ದರೂ, ಹೋದದ್ದೇ. ಈಗ ಕೇಳತಕ್ಕ ಪ್ರಶ್ನೆ ಒಂದೇ: ಕೈಯಲ್ಲಿ ಉಳಿದ ಹಣಕ್ಕೆ ಇದಕ್ಕಿಂತ ಒಳ್ಳೆಯ ಉಪಯೋಗ ಉಂಟೋ ಇಲ್ಲವೋ?

"ಮೂರು ಹಾಕಿದರೆ ಒಂದಕ್ಕಾದರೂ ಬಂದೇ ಬರುವುದು" ಎಂಬ ಮಾತೂ ರೂಢಿಯಲ್ಲಿದೆ. ಲೆಕ್ಕವನ್ನು ನೋಡಿರಿ. ಒಂದು ಬಾವಿ ಬತ್ತುವ ಸಂಭವ ಐದರಲ್ಲಿ ಮೂರು. ಮೂರೂ ಬತ್ತುವ ಸಂಭವವು 125ರಲ್ಲಿ 27, ಎಂದರೆ ನೂರಕ್ಕೆ ಸುಮಾರು 22. ಮೂರು ಬಾವಿ ಹಾಕುವ ಐದು ಮನೆಗಳಲ್ಲಿ ಒಂದು ಮನೆಯು ಮೂರು ಲಕ್ಷವನ್ನೂ ಕಳೆದುಕೊಂಡು ನೀರಿಲ್ಲದೆ ನಿಲ್ಲುವುದು. ಒಂದೇ ಹೊಲದಲ್ಲಿ ಹಾಕಿದ ಬಾವಿಗಳಿಗೆ ಕೆಳಗಿನ ಕಲ್ಲು ಒಂದೇ ಆಗಿರುವುದರಿಂದ ಮೊದಲನೆಯದು ಬತ್ತಿದ ಮೇಲೆ ಉಳಿದವೂ ಬತ್ತುವ ಸಂಭವವು ಇದಕ್ಕಿಂತ ಹೆಚ್ಚೇ ಹೊರತು ಕಡಿಮೆಯಲ್ಲ.

ಹುಮನಾಬಾದಿನಿಂದ ಬಸವಕಲ್ಯಾಣದ ಕಡೆಗೆ ಹೋಗುವ ದಾರಿಯ ಒಂದು ಗ್ರಾಮದಲ್ಲಿ ಹದಿನಾಲ್ಕು ಎಕರೆ ಜಮೀನುಳ್ಳ ಒಬ್ಬ ಗೃಹಸ್ಥರು ಒಂದೇ ಬೇಸಿಗೆಯಲ್ಲಿ ನಾಲ್ಕು ಕೊಳವೆ ಬಾವಿ ಹಾಕಿಸಿದುದನ್ನು ಲೇಖಕನು ಬಲ್ಲನು. ಮೊದಲನೆಯದಕ್ಕೆ ಮನೆಯ ಹಣ, ಎರಡನೆಯದಕ್ಕೆ ಸೊಸೆಯ ಬಂಗಾರ, ಮೂರನೆಯದಕ್ಕೆ ಸಾವಕಾರನ ಸಾಲ, ನಾಲ್ಕನೆಯದಕ್ಕೆ ಎರಡು ಎಕರೆ ಹೊಲ. ಅವರು ಕುಡುಕರಲ್ಲ, ಜೂಜುಗಾರರಲ್ಲ. ಊರವರ ವ್ಯಾಜ್ಯ ತೀರಿಸುವಷ್ಟು ತಿಳಿವಳಿಕೆಯುಳ್ಳವರು. ಮೊದಲ ಬಾವಿಯ ದಿನ ಯಾರಾದರೂ, "ಎರಡು ಎಕರೆ ಮಾರಿ ನಾಲ್ಕನೆಯದನ್ನು ಹಾಕಿಸುವಿರಾ?" ಎಂದು ಕೇಳಿದ್ದರೆ ಅವರೇ ನಗುತ್ತಿದ್ದರು. ನಷ್ಟದ ಮೆಟ್ಟಲುಗಳನ್ನು ಒಂದೊಂದಾಗಿ ಇಳಿದವನಿಗೆ ತಾನೆಷ್ಟು ಆಳಕ್ಕೆ ಬಂದೆನೆಂಬುದು ತಿಳಿಯುವುದಿಲ್ಲ.

೫. ಅಂಜಿಕೆಯಿಂದಾಗುವ ನಷ್ಟ

ಆಶೆಯು ಹೇಗೆ ಕೆಡಿಸುವುದೋ ಅತಿಯಾದ ಅಂಜಿಕೆಯೂ ಹಾಗೆಯೇ ಕೆಡಿಸುವುದು. ಒಂದು ಸಲ ಹೊಸ ತಳಿಯನ್ನು ಬಿತ್ತಿ ಕೆಟ್ಟವನು ಮುಂದೆ ಹತ್ತು ವರ್ಷ ಹೊಸದರ ಹೆಸರನ್ನೇ ಎತ್ತನು. ತೊಗರಿಗೆ ಸೊರಗು ರೋಗವು ಬಂದು ಸಾಲುಸಾಲಾಗಿ ಒಣಗುತ್ತಿದ್ದರೂ, ಆ ರೋಗವನ್ನು ತಡೆಯುವ ಮಾರುತಿಯಂಥ ತಳಿಗಳು 1980ರ ದಶಕದಿಂದಲೇ ಬಂದಿದ್ದರೂ, ಮನೆಯ ಹಳೆಯ ಬೀಜವನ್ನೇ ಬಿತ್ತುತ್ತಿದ್ದವರು ಬಹು ಮಂದಿ ಇದ್ದರು. ಬೆಳೆ ವಿಮೆಯ ವಿಷಯವೂ ಹೀಗೆಯೇ. 2016ರ ಮುಂಗಾರಿನಿಂದ ಜಾರಿಗೆ ಬಂದ ಪ್ರಧಾನ ಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ಒಕ್ಕಲಿಗನು ಕೊಡತಕ್ಕದ್ದು, ಮುಂಗಾರಿನ ಧಾನ್ಯ, ಬೇಳೆಕಾಳು, ಎಣ್ಣೆಕಾಳುಗಳಿಗೆ ವಿಮೆಯ ಮೊತ್ತದ ಮೇಲೆ ನೂರಕ್ಕೆ 2. ಹಿಂಗಾರಿಗೆ ನೂರಕ್ಕೆ ಒಂದೂವರೆ. ವಾಣಿಜ್ಯ ಬೆಳೆಗಳಿಗೆ ಹೆಚ್ಚೆಂದರೆ ನೂರಕ್ಕೆ 5. ಉಳಿದ ಭಾಗವನ್ನು ಸರಕಾರಗಳು ಭರಿಸುವುವು. ಆದರೂ, "ಹೋದ ವರ್ಷ ಕಟ್ಟಿದೆ, ಏನೂ ಬರಲಿಲ್ಲ, ಹಣ ವ್ಯರ್ಥವಾಯಿತು" ಎಂದು ಬಿಡುವವರುಂಟು. ಬೆಳೆ ಚೆನ್ನಾಗಿ ಬಂದ ವರ್ಷ ವಿಮೆಯ ಹಣ ಬಾರದಿರುವುದು ನಷ್ಟವಲ್ಲ. ಅದು ಹಗೇವಿಗೆ ಹಾಕಿದ ಬೀಗದ ಬೆಲೆಯಂತೆ. ಕಳ್ಳನು ಬಾರದ ವರ್ಷ ಬೀಗವು ದಂಡವಾಯಿತೆಂದು ಯಾರೂ ಅಳುವುದಿಲ್ಲ.

ಇಲ್ಲಿ ಒಂದು ಪರಿಶೋಧನೆಯನ್ನು ನೆನೆಯುವುದು ಯೋಗ್ಯ. ಹುಮನಾಬಾದಿನ ಮೇಲೆ ಹೋಗುವ ಪುಣೆ ಹೈದರಾಬಾದ ಹೆದ್ದಾರಿಯ ಮೇಲೆಯೇ ಪಟಾಂಚೆರುವಿನಲ್ಲಿ 1972ರಲ್ಲಿ ಸ್ಥಾಪಿತವಾದ ಇಕ್ರಿಸ್ಯಾಟ್ ಸಂಸ್ಥೆಯಿದೆ. ಆ ಸಂಸ್ಥೆಯವರು ಅಭ್ಯಾಸಕ್ಕೆ ಆರಿಸಿಕೊಂಡಿದ್ದ ಗ್ರಾಮಗಳಲ್ಲಿ ನಮ್ಮ ನೆರೆಯ ಸೋಲಾಪುರ ಜಿಲ್ಲೆಯ ಗ್ರಾಮಗಳೂ ಇದ್ದವು. ಹನ್ಸ್ ಬಿನ್ಸ್‌ವಾಂಗರ್ ಎಂಬ ಅರ್ಥಶಾಸ್ತ್ರಜ್ಞರು ಅಲ್ಲಿಯ ಒಕ್ಕಲಿಗರ ಮುಂದೆ ನಿಶ್ಚಿತವಾದ ಹಣವನ್ನೂ, ನಾಣ್ಯ ಚಿಮ್ಮಿ ಹೆಚ್ಚು ಅಥವಾ ಕಡಿಮೆ ಬರಬಹುದಾದ ಹಣವನ್ನೂ ಇಟ್ಟು ಆರಿಸಲು ಹೇಳಿದರು. ಕೊಟ್ಟುದು ನಿಜವಾದ ರೂಪಾಯಿಗಳನ್ನೇ. 1980ರಲ್ಲಿ ಪ್ರಕಟವಾದ ಫಲಿತಾಂಶವೇನೆಂದರೆ, ಮೊತ್ತವು ದೊಡ್ಡದಾದಂತೆ ಬಹುತೇಕ ಎಲ್ಲರೂ ಮಿತವಾಗಿ ಜೋಖಿಮಿಗೆ ಅಂಜಿದರು. ಈ ಅಂಜಿಕೆಯಲ್ಲಿ ಸಿರಿವಂತನಿಗೂ ಬಡವನಿಗೂ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. ಬಡ ಒಕ್ಕಲಿಗನು ಹೊಸ ಕ್ರಮವನ್ನು ಬೇಗ ಹಿಡಿಯದಿರುವುದು ಅವನ ಸ್ವಭಾವದ ದೋಷದಿಂದಲ್ಲ. ಒಂದು ವರ್ಷ ಕೆಟ್ಟರೆ ಎತ್ತಿಹಿಡಿಯುವ ಸಾಲ, ದಾಸ್ತಾನು, ನೀರು ಅವನಿಗಿಲ್ಲದಿರುವುದರಿಂದ. ಜಮೀನುದಾರರು ತಮ್ಮ ಪಾಲುದಾರರನ್ನು "ಧೈರ್ಯವಿಲ್ಲದವರು" ಎಂದು ಜರೆಯುವ ಮುನ್ನ ಇದನ್ನು ಲಕ್ಷ್ಯಕ್ಕೆ ತಂದುಕೊಳ್ಳತಕ್ಕದ್ದು.

೬. ಇಕ್ಕಟ್ಟಿನ ಕಾಲದ ಬುದ್ಧಿ

ಕಬ್ಬಿನ ಬೆಳೆಗಾರರಿಗೆ ವರ್ಷದಲ್ಲಿ ಒಮ್ಮೆ ಮಾತ್ರ ಹಣ ಬರುವುದು. ತಮಿಳುನಾಡಿನ 464 ಮಂದಿ ಕಬ್ಬಿನ ಬೆಳೆಗಾರರನ್ನು ಪರಿಶೋಧಕರು ಕಟಾವಿನ ಮುಂಚೆ ಒಮ್ಮೆ, ಹಣ ಬಂದ ಮೇಲೆ ಒಮ್ಮೆ ಬುದ್ಧಿಯ ಪರೀಕ್ಷೆಗೆ ಒಳಪಡಿಸಿದರು. ಇದರ ವಿವರವು 2013ರಲ್ಲಿ ಪ್ರಕಟವಾಯಿತು. ಅದೇ ಮನುಷ್ಯನು ಕಟಾವಿನ ಮುಂಚಿನ ಇಕ್ಕಟ್ಟಿನಲ್ಲಿ ಕಡಿಮೆಯಾಗಿಯೂ, ಕೈಯಲ್ಲಿ ಹಣ ಬಂದ ಮೇಲೆ ಚೆನ್ನಾಗಿಯೂ ಉತ್ತರಿಸಿದನು. ಬುದ್ಧಿಯು ಎಲ್ಲಿಯೂ ಹೋಗಿರಲಿಲ್ಲ. ಸಾಲ, ಶಾಲೆಯ ಫೀಜು, ಕಿರಾಣಿಯ ಬಾಕಿ ಇವುಗಳ ಚಿಂತೆಯು ಅದರ ಜಾಗವನ್ನು ಹಿಡಿದುಕೊಂಡಿತ್ತು.

ಇದರಿಂದ ತಿಳಿಯತಕ್ಕದ್ದೇನೆಂದರೆ, ಹೊಲ ಮಾರುವುದು, ಲಾವಣಿಗೆ ಕೊಡುವುದು, ದೊಡ್ಡ ಸಾಲ ತೆಗೆಯುವುದು ಮೊದಲಾದ ನಿರ್ಧಾರಗಳನ್ನು ಕೈ ಬರಿದಾದ ಆಷಾಢದಲ್ಲಿ ಮಾಡಬಾರದು. ರಾಶಿ ಮುಗಿದು, ಬಾಕಿ ತೀರಿ, ಎಳ್ಳಮಾವಾಸ್ಯೆಯ ಚರಗ ಚೆಲ್ಲಿ ಬಂದ ಮೇಲೆ, ಮನೆಯವರೆಲ್ಲರೂ ಕುಳಿತು ಮುಂದಿನ ವರ್ಷದ ಮಾತನ್ನು ಆಡುವುದು ಲೇಸು.

೭. ಮನೋವೇಗವು ಶತ್ರುವಲ್ಲ

ಹೀಗೆಂದಮಾತ್ರಕ್ಕೆ ಮನೋವೇಗವನ್ನು ಕಿತ್ತೆಸೆಯಬೇಕೆಂದು ತಿಳಿಯಬಾರದು. ಅಮೆರಿಕ ದೇಶದ ಅಯೋವಾದಲ್ಲಿ ವೈದ್ಯ ಪರಿಶೋಧಕರಾದ ಆಂಟೋನಿಯೋ ದಮಾಸಿಯೋ ಮತ್ತು ಅವರ ಜೊತೆಗಾರರು 1994ರಲ್ಲಿ ಒಂದು ಇಸ್ಪೀಟಿನ ಆಟದ ಮೂಲಕ ಪರೀಕ್ಷೆ ನಡೆಸಿದರು. ಮೆದುಳಿನ ಮುಂಭಾಗದ ಒಂದು ಕಡೆ ಗಾಯವಾಗಿ, ಭಾವನೆಯು ನಿರ್ಧಾರಕ್ಕೆ ಒದಗದಂತಾದ ರೋಗಿಗಳಿಗೆ ಬುದ್ಧಿಯು ಸರಿಯಾಗಿತ್ತು. ಆದರೂ ಅವರು ನಷ್ಟ ತರುವ ಎಲೆಗಳನ್ನೇ ಮತ್ತೆ ಮತ್ತೆ ಎತ್ತುತ್ತಿದ್ದರು. ಆರೋಗ್ಯವಂತರಿಗೆ ಲೆಕ್ಕವು ಹೊಳೆಯುವ ಮೊದಲೇ ಆ ಎಲೆಗಳ ಬಗ್ಗೆ ಒಂದು ಅಳುಕು ಹುಟ್ಟುತ್ತಿತ್ತು.

ನಮ್ಮ ಹಿರಿಯ ಒಕ್ಕಲಿಗರಿಗೆ ಆಗುವುದೂ ಇಂಥ ಅಳುಕೇ. ಐವತ್ತು ಮುಂಗಾರು ಕಂಡವರು ಮಣ್ಣನ್ನು ಮುಷ್ಟಿಯಲ್ಲಿ ಹಿಡಿದು, "ಇನ್ನೂ ಹದ ಬಂದಿಲ್ಲ" ಎನ್ನುವಾಗ ಅವರಲ್ಲಿ ಐವತ್ತು ವರ್ಷಗಳ ಲೆಕ್ಕವೇ ಭಾವನೆಯ ರೂಪದಲ್ಲಿ ಮಾತನಾಡುವುದು. ಆದರೆ ಈ ಭಾವನೆಯು ನೂರಾರು ಸಲ ಕಂಡ ವಿಷಯದಲ್ಲಿ ಮಾತ್ರ ನಂಬತಕ್ಕದ್ದು. ಮಣ್ಣಿನ ಹದ, ಎತ್ತಿನ ನಡೆ, ಪೈರಿನ ಬಣ್ಣ ಇವುಗಳಲ್ಲಿ ಹಿರಿಯರ ಮನಸ್ಸು ಸುಳ್ಳಾಡದು. ಹೊಸ ಔಷಧಿ, ದೂರದ ಪೇಟೆಯ ಧಾರಣೆ, ನೆಲದಡಿಯ ನೀರು ಇವುಗಳಲ್ಲಿ ಯಾರ ಮನಸ್ಸಿಗೂ ಅಂಥ ಅಭ್ಯಾಸವಿಲ್ಲ. ಅಲ್ಲಿ ಲೆಕ್ಕವೇ ಮೇಲು.

೮. ಒಂದು ಸಣ್ಣ ಲೆಕ್ಕ

ಒಂದು ಎಕರೆಗೆ ಖರ್ಚು ಕಳೆದು ಉಳಿಯುವ ಹಣವನ್ನು ಹೀಗೆ ಊಹಿಸೋಣ. ಎಲ್ಲ ಹೊಲಕ್ಕೂ ಒಂದೇ ಪೈರು ಹಾಕಿದರೆ ಒಳ್ಳೆಯ ವರ್ಷ 20,000 ರೂಪಾಯಿ ಲಾಭ, ನಡುವಣ ವರ್ಷ 6,000 ರೂಪಾಯಿ ಲಾಭ, ಕೆಟ್ಟ ವರ್ಷ 12,000 ರೂಪಾಯಿ ನಷ್ಟ. ಸೋಯಾದ ಸಾಲುಗಳ ನಡುವೆ ತೊಗರಿಯನ್ನು ಹಾಕಿ, ಒಂದಿಷ್ಟು ಉದ್ದು ಹೆಸರನ್ನೂ ಬಿತ್ತಿದರೆ ಒಳ್ಳೆಯ ವರ್ಷ 14,000 ಲಾಭ, ನಡುವಣ ವರ್ಷ 7,000 ಲಾಭ, ಕೆಟ್ಟ ವರ್ಷ 2,000 ನಷ್ಟ. ಉದ್ದು ಹೆಸರು ಎರಡೂವರೆ ತಿಂಗಳೊಳಗೆ ಕೈಗೆ ಬರುವುವು. ತೊಗರಿಯು ಐದಾರು ತಿಂಗಳು ನಿಂತು ಹಿಂದಿನ ಮಳೆಯನ್ನು ಉಪಯೋಗಿಸಿಕೊಳ್ಳುವುದು. ಆದುದರಿಂದ ಒಂದೇ ಬರವು ಎರಡನ್ನೂ ಒಟ್ಟಿಗೆ ಕೊಲ್ಲುವುದು ಅಪರೂಪ.

ಒಳ್ಳೆಯ ವರ್ಷವನ್ನಷ್ಟೇ ನೆನೆಯುವ ಮನಸ್ಸಿಗೆ 20,000ದ ಮುಂದೆ 14,000 ಅಲ್ಪವಾಗಿ ಕಾಣುವುದು. ಈಗ ಹತ್ತು ವರ್ಷಗಳನ್ನು ಹಿಡಿಯಿರಿ: ನಾಲ್ಕು ಒಳ್ಳೆಯವು, ಮೂರು ನಡುವಣವು, ಮೂರು ಕೆಟ್ಟವು. ಒಂದೇ ಪೈರಿನಿಂದ ಎಕರೆಗೆ ಹತ್ತು ವರ್ಷದಲ್ಲಿ 62,000. ಮಿಶ್ರ ಪೈರಿನಿಂದ 71,000. ಎರಡು ಕೆಟ್ಟ ವರ್ಷಗಳು ಒಂದರ ಹಿಂದೆ ಒಂದು ಬಂದರೆ, ಹತ್ತು ಎಕರೆಯವನಿಗೆ ಒಂದೇ ಪೈರಿನಲ್ಲಿ 2,40,000 ರೂಪಾಯಿ ನಷ್ಟ. ಮಿಶ್ರ ಪೈರಿನಲ್ಲಿ 40,000. ಮೊದಲನೆಯವನು ಬಡ್ಡಿಯ ಬಾಯಿಗೆ ಬಿದ್ದು ಮೂರನೆಯ ವರ್ಷದ ಒಳ್ಳೆಯ ಮಳೆಗೆ ಬೀಜ ಗೊಬ್ಬರವಿಲ್ಲದೆ ನಿಲ್ಲುವನು. ಇವು ಊಹೆಯ ಅಂಕಿಗಳು. ಪ್ರತಿಯೊಬ್ಬರೂ ತಮ್ಮ ಖಾತೆಯ ಅಂಕಿಗಳನ್ನು ಹಾಕಿ ನೋಡತಕ್ಕದ್ದು. ಅಂಕಿಗಳು ಬದಲಾದರೆ ಉತ್ತರವೂ ಬದಲಾಗಬಹುದು. ಲೆಕ್ಕ ಹಾಕುವ ಕ್ರಮವು ಮಾತ್ರ ಬದಲಾಗದು.

೯. ಅನುಸರಿಸತಕ್ಕ ಕ್ರಮಗಳು

(1) ದೊಡ್ಡ ಖರ್ಚಿನ ಮಿತಿಯನ್ನು ಕೆಲಸದ ಮುಂಚೆಯೇ ಬರೆದಿಡಬೇಕು. ಎಷ್ಟು ಅಡಿ, ಎಷ್ಟು ಬಾವಿ, ಎಷ್ಟು ಹಣ ಎಂಬುದನ್ನು ಯಂತ್ರದ ಲಾರಿ ಹೊಲಕ್ಕೆ ಬರುವ ಮೊದಲೇ ಕಾಗದದ ಮೇಲೆ ಬರೆದು, ಮನೆಯ ಇನ್ನೊಬ್ಬರ ಕೈಯಲ್ಲಿ ಕೊಟ್ಟಿರಬೇಕು. ಯಂತ್ರವು ಗರಗರ ತಿರುಗುತ್ತಿರುವಾಗ "ಇನ್ನು ಐವತ್ತು ಅಡಿ" ಎನ್ನುವುದು ಮನೋವೇಗವೇ.

(2) ಬಿತ್ತುವ ಮುನ್ನ ಹೊಲದ ನಾಲ್ಕು ಕಡೆ ಒಂದು ಗೇಣು ಅಗೆದು ತೇವವನ್ನು ನೋಡಬೇಕು. ಪಂಚಾಯತಿಯಲ್ಲಾಗಲಿ ಶಾಲೆಯಲ್ಲಾಗಲಿ ಒಂದು ಮಳೆಮಾಪಕವನ್ನು ಇಟ್ಟು, ದಿನದ ಮಳೆಯನ್ನು ಹಲಗೆಯ ಮೇಲೆ ಬರೆಯಿಸಿದರೆ ಊರಿಗೆಲ್ಲಾ ಉಪಕಾರವಾಗುವುದು.

(3) ಸೋಯಾ ಬೀಜವನ್ನು ನೂರು ಕಾಳು ಎಣಿಸಿ, ಒದ್ದೆ ಗೋಣಿಯಲ್ಲಿ ಸುತ್ತಿಟ್ಟು ಮೊಳಕೆಯನ್ನು ಪರೀಕ್ಷಿಸಬೇಕು. ಎಪ್ಪತ್ತಕ್ಕಿಂತ ಕಡಿಮೆ ಮೊಳೆತರೆ ಅದು ಬೀಜದ ಮಟ್ಟಕ್ಕೆ ಸೇರಿದ್ದಲ್ಲ.

(4) ಹೊಸ ತಳಿ, ಹೊಸ ಪೈರು, ಹೊಸ ಔಷಧಿ ಯಾವುದಾದರೂ ಮೊದಲ ವರ್ಷ ಹತ್ತರಲ್ಲಿ ಒಂದು ಭಾಗಕ್ಕೆ ಮಾತ್ರ. ಆಶೆಗೂ ಅಂಜಿಕೆಗೂ ಇದು ನಡುವಣ ದಾರಿ.

(5) ವಿಮೆಯ ಕೊನೆಯ ದಿನವನ್ನು ಪ್ರತಿ ಹಂಗಾಮಿನಲ್ಲಿಯೂ ಮುಂಚಿತವಾಗಿ ವಿಚಾರಿಸಿಟ್ಟುಕೊಳ್ಳಬೇಕು. ಆಲಿಕಲ್ಲು, ಪ್ರವಾಹ ಮೊದಲಾದ ಸ್ಥಳೀಯ ಹಾನಿಯನ್ನು 72 ಗಂಟೆಗಳೊಳಗೆ ತಿಳಿಸತಕ್ಕದ್ದು.

(6) ಸಲಹೆಯನ್ನು ಆ ನಿರ್ಧಾರದಿಂದ ತನಗೆ ಲಾಭವಿಲ್ಲದವನಲ್ಲಿ ಕೇಳಬೇಕು. ಬೀಜ ಮಾರುವವನು, ಬಾವಿ ತೋಡುವವನು, ಅಡತಿಯವನು ಇವರು ಒಳ್ಳೆಯವರಾಗಿದ್ದರೂ ಅವರ ಮಾತು ಅರ್ಧ ಸಲಹೆ, ಅರ್ಧ ವ್ಯಾಪಾರ.

(7) ಸಿಟ್ಟು, ಶೋಕ, ಅತಿ ಹರ್ಷ ಇವುಗಳ ದಿನ ಸಹಿ ಹಾಕಬಾರದು. ಮೂರು ರಾತ್ರಿ ಕಳೆಯಲಿ. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಾರದೆಂಬ ಗಾದೆಯು ಹೊಲದ ಕಾಗದಪತ್ರಗಳಿಗೂ ಸಲ್ಲುವುದು.

೧೦. ಮುಖಂಡರ ಹೊಣೆ

ಊರಿನ ದೊಡ್ಡ ಮನೆಯ ಕೂರಿಗೆ ಹೊರಟರೆ ಊರಿನ ಕೂರಿಗೆಯೆಲ್ಲಾ ಹೊರಡುವುದು. ಗೌಡರು ಕಬ್ಬು ನಾಟಿದರೆ ಎರಡು ಎಕರೆಯವನೂ ಬಾವಿಗೆ ಸಾಲ ಹುಡುಕುವನು. ನಿಮ್ಮ ಮನೆಗೆ ಒಂದು ಕೆಟ್ಟ ವರ್ಷವು ಒಂದು ಮುಗ್ಗರಿಕೆ. ನಿಮ್ಮನ್ನು ನೋಡಿ ನಡೆದವನಿಗೆ ಅದೇ ಊರು ಬಿಡಿಸುವ ಪೆಟ್ಟು. ಆದಕಾರಣ ಮುಖಂಡರ ನಿರ್ಧಾರದಲ್ಲಿ ಅವರ ಹೊಲವಲ್ಲದೆ ಊರಿನ ಹೊಲವೂ ಸೇರಿಕೊಂಡಿರುವುದು. "ನಾನು ಇಷ್ಟು ದಿನ ತಡೆಯುವೆನು, ಕಾರಣವು ಇದು" ಎಂದು ಅವರು ಕಟ್ಟೆಯ ಮೇಲೆ ಬಹಿರಂಗವಾಗಿ ಹೇಳಿದರೆ, ತಡೆಯಲು ನಾಚುತ್ತಿದ್ದ ಹತ್ತು ಜನರಿಗೆ ಧೈರ್ಯ ಬರುವುದು.

ಒಬ್ಬನೇ ಕುಳಿತು ಒಂದೇ ಕ್ಷಣದಲ್ಲಿ ನಿರ್ಧರಿಸಬಾರದೆಂಬ ಎಚ್ಚರಿಕೆಯು ಈ ನೆಲಕ್ಕೆ ಹೊಸದೇನೂ ಅಲ್ಲ. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಇದೇ ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರನು ರಚಿಸಿದ ಮಿತಾಕ್ಷರಾ ಗ್ರಂಥದಲ್ಲಿ, ಪಿತ್ರಾರ್ಜಿತ ಸ್ಥಿರ ಸ್ವತ್ತನ್ನು ಮನೆಯ ಯಜಮಾನನು ಮಕ್ಕಳ ಒಪ್ಪಿಗೆಯಿಲ್ಲದೆ ತನ್ನ ಮನಬಂದಂತೆ ಪರಭಾರೆ ಮಾಡಬಾರದೆಂದೂ, ಆಪತ್ತು, ಕುಟುಂಬರಕ್ಷಣೆ, ಧರ್ಮಕಾರ್ಯ ಇವುಗಳಿಗಾಗಿ ಮಾತ್ರ ವಿನಾಯಿತಿಯೆಂದೂ ಹೇಳಿದೆ. ಆ ಮೇಲೆ ಬಸವೇಶ್ವರರೂ ಶರಣರೂ ಕೂಡಿ ವಿಚಾರ ಮಾಡಿದುದೂ ಈ ಕಲ್ಯಾಣದಲ್ಲಿಯೇ. 2005ರ ಕಾನೂನಿನ ತಿದ್ದುಪಡಿಯಿಂದ ಮನೆಯ ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಗಂಡುಮಕ್ಕಳ ಸಮಾನವಾದ ಹಕ್ಕು ಬಂದಿರುವುದರಿಂದ, ಈಗ ಆ ವಿಚಾರದಲ್ಲಿ ಅವರನ್ನೂ ಕೂರಿಸಿಕೊಳ್ಳತಕ್ಕದ್ದು. ಬಂಗಾರವನ್ನು ಕೊಡಬೇಕಾದವಳಿಗೆ ಬಾವಿಯ ಮಾತನ್ನು ಮೊದಲೇ ತಿಳಿಸುವುದು ನ್ಯಾಯವೂ ಹೌದು, ಜಾಣತನವೂ ಹೌದು.

ಮಳೆಯು ನಮ್ಮ ಕೈಯಲ್ಲಿಲ್ಲ. ಧಾರಣೆಯೂ ನಮ್ಮ ಕೈಯಲ್ಲಿಲ್ಲ. ವಿವೇಚನೆಯಿಂದ ನಡೆದವನಿಗೂ ಕೆಟ್ಟ ವರ್ಷಗಳು ಬಂದೇ ಬರುವುವು. ಆದರೆ ಅಂಥ ವರ್ಷದ ಮರುಮುಂಗಾರಿಗೆ ಅವನ ಮನೆಯಲ್ಲಿ ಬೀಜವಿರುವುದು, ಕೊಟ್ಟಿಗೆಯಲ್ಲಿ ಎತ್ತಿರುವುದು, ಹೊಲವು ಅವನ ಹೆಸರಿನಲ್ಲಿಯೇ ಇರುವುದು. ಮುಂದಿನ ರೋಹಿಣಿ ಮಳೆಯ ಮೊದಲೇ ತಮ್ಮ ತಮ್ಮ ಗ್ರಾಮಗಳಲ್ಲಿ ಮುಖಂಡರು ಒಂದು ಸಂಜೆಯನ್ನು ಈ ವಿಚಾರಕ್ಕೆ ಮೀಸಲಿಡಬೇಕೆಂದು ಪ್ರಾರ್ಥನೆ.